ಚಾಪೆ ಬೇರೆ ಮಾಡಿದ ಹರಕೆ

"ನಿಮ್ಮ ಕಾಲದಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲವಂತೆ, ನಿಜವಾ ಅಜ್ಜಿ?" ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಇದನ್ನು ಕಾಲೇಜಿನಲ್ಲಿ ಯಾರೋ ಹೇಳಿದ್ದರಂತೆ. ನನಗೆ ನಗು ತಡೆಯಲಾಗಲಿಲ್ಲ. ಹಳ್ಳಿಗಳಲ್ಲಿ ಹಾಗಿದ್ದಿರಬಹುದು. ಚಿನ್ನದ ಗಣಿಯ ಲೈನುಗಳಲ್ಲಿ, ಆ ಕೂಲಿಯವರ ಸಾಲುಮನೆಗಳಲ್ಲಿ, ಸಂಸಾರ ಮಾಡಿದ ನಮಗೆ ಎಷ್ಟೋ ವಾರ ಹಗಲು ಬಿಟ್ಟರೆ ಬೇರೆ ಹೊತ್ತೇ ಇರುತ್ತಿರಲಿಲ್ಲ. ಅಷ್ಟು ಹೇಳಿ ಸುಮ್ಮನಾದೆ. ಉಳಿದದ್ದನ್ನು ಅವಳ ಮುಖ ನೋಡಿಕೊಂಡು ಹೇಳಲು ಈ ವಯಸ್ಸಿನಲ್ಲೂ ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಲದ ಹೆಂಗಸರ ಬಗ್ಗೆ ಬರೆಯುವವರು ನಮ್ಮನ್ನು ದೇವತೆ ಮಾಡುತ್ತಾರೆ, ಇಲ್ಲದಿದ್ದರೆ ಅಯ್ಯೋ ಪಾಪ ಅನ್ನುತ್ತಾರೆ. ದೇವತೆಗೂ ಮೈಯಿಲ್ಲ, ಪಾಪದವಳಿಗೂ ಮೈಯಿಲ್ಲ. ನಮಗೆ ಇತ್ತು. ನನಗಂತೂ ಇತ್ತು, ಮತ್ತು ಅದರಿಂದ ನಾನು ಪಟ್ಟ ಪಾಡು ಸಣ್ಣದಲ್ಲ.

ನನ್ನ ತವರು ಕಾಮಸಮುದ್ರದ ಹತ್ತಿರದ ಒಂದು ಹಳ್ಳಿ. ಬಂಗಾರಪೇಟೆಯಲ್ಲಿ, ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು, ಸೋದರತ್ತೆಯ ಮನೆಯಲ್ಲಿದ್ದು ನಾಲ್ಕು ಅಕ್ಷರ ಕಲಿತೆ. ಅಪ್ಪ ತೀರಿಕೊಂಡು, ಆಮೇಲೆ ಅಕ್ಕನ ಮದುವೆ ಮುಗಿದು, ನನ್ನ ಸರದಿ ಬರುವ ಹೊತ್ತಿಗೆ ನನಗೆ ಇಪ್ಪತ್ತು ತುಂಬಿತ್ತು. ಆ ಕಾಲಕ್ಕೆ ಅದು ಮುದಿ ವಯಸ್ಸೇ. ನೋಡಲು ಬಂದವರೆಲ್ಲ ಹಲ್ಲು ಎಣಿಸುವ ಹಾಗೆ ನೋಡಿ ಹೋಗುತ್ತಿದ್ದರು. ಕೊನೆಗೆ ಒಪ್ಪಿದವರು ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದವರು, ನನಗಿಂತ ಆರು ವರ್ಷ ದೊಡ್ಡವರು. ಹೆಚ್ಚು ಮಾತಿಲ್ಲದ ಮನುಷ್ಯ. ಮದುವೆಯ ದಿನ ಧಾರೆಯ ನೀರು ಬಿದ್ದ ನನ್ನ ಕೈಯನ್ನು ಯಾರಿಗೂ ಕಾಣದ ಹಾಗೆ ಹೆಬ್ಬೆರಳಿನಿಂದ ಒಂದು ಸಲ ಅದುಮಿದರು. ಅವತ್ತೇ ನಾನು ಅರ್ಧ ಸೋತೆ.

ಮನೆಯೆಂದರೆ ಒಂದೇ ಕೋಣೆ. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಒಂದು ಮೂಲೆಯಲ್ಲಿ ಒಲೆ, ಬಾಗಿಲ ಪಕ್ಕದಲ್ಲಿ ನಮ್ಮತ್ತೆಯ ಚಾಪೆ, ಉಳಿದ ಜಾಗ ನಮ್ಮದು. ತಟ್ಟಿಯ ಆಚೆ ಇನ್ನೊಂದು ಸಂಸಾರ, ಅವರು ತಮಿಳರು. ಅಲ್ಲಿ ಸಾಸಿವೆ ಸಿಡಿದರೆ ಇಲ್ಲಿ ಕೇಳಿಸುತ್ತಿತ್ತು. ಅತ್ತೆಯ ಗಂಡನೂ ಗಣಿಯವರೇ. ಬಂಗಾರಪೇಟೆ ಕಡೆಯ ಹೊಲ ಬಿಟ್ಟು ಬಂದು ಕೆಳಗಿಳಿದವರು, ಮಗನಿಗೆ ಏಳು ವರ್ಷವಿದ್ದಾಗ ಬಂಡೆಯಡಿ ಸಿಕ್ಕಿ ಅಲ್ಲೇ ಉಳಿದರು. ಅತ್ತೆ ಒಂಟಿಯಾಗಿ ಮಗನನ್ನು ಬೆಳೆಸಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಮಗನ ಕೆಲಸದ ಪಾಳಿ ವಾರಕ್ಕೊಮ್ಮೆ ಬದಲಾಗುವುದು. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಅತ್ತೆ ಕೋಣೆಯಲ್ಲಿ ಮಲಗುವಾಗ ನಾವು ಉಸಿರು ಬಿಡಲೂ ಹೆದರುತ್ತಿದ್ದೆವು. ಹಾಗಾಗಿ ರಾತ್ರಿ ಪಾಳಿಯ ವಾರವೇ ನಮ್ಮ ವಾರ. ಅವರು ಬೆಳಗ್ಗೆ ಬಂದು, ಮೈ ತೊಳೆದು, ಮುದ್ದೆ ಉಂಡು ಮಲಗುತ್ತಿದ್ದರು. ಆಗ ಅತ್ತೆ ಹೊರಗೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅತ್ತೆ ಹೊರಗೆ ಹೋಗಲಿ ಎಂದು ನಾನು ಮಾಡಿದ ಕಿತಾಪತಿಗಳನ್ನು ನೆನೆದರೆ ಈಗಲೂ ಮುಖ ಬೆಚ್ಚಗಾಗುತ್ತದೆ. ಮೊದಲ ಸಲ ತುಂಬಿದ ಕೊಡದ ನೀರನ್ನೆಲ್ಲ ಹಿತ್ತಲಿನ ನುಗ್ಗೆ ಗಿಡಕ್ಕೆ ಸುರಿದು ಬಂದು, "ಅತ್ತೆ, ನೀರು ಖಾಲಿ" ಎಂದೆ. "ಖಾಲಿಯಾದ್ರೆ ನನ್ನ ಮುಖ ಏನ್ ನೋಡ್ತೀಯಾ? ಓಗಿ ತತ್ತಾ" ಎಂದರು. ಸೊಸೆ ಇರುವಾಗ ಅತ್ತೆ ಯಾಕೆ ನಲ್ಲಿಗೆ ಹೋಗುತ್ತಾರೆ ಎಂಬ ಬುದ್ಧಿ ನನಗೆ ಹೊಳೆದಿರಲಿಲ್ಲ. ಬಿಸಿಲಲ್ಲಿ ಎರಡು ಕೊಡ ಹೊತ್ತು ತಂದದ್ದೇ ಬಂತು. ಆಮೇಲೆ ಉಪಾಯ ಕಂಡುಕೊಂಡೆ. ಅತ್ತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಇಲ್ಲದೆ ಒಂದು ಗಳಿಗೆ ನಡೆಯದು. ಎಲೆಯಡಿಕೆ ಚೀಲದಿಂದ ಕಡ್ಡಿಪುಡಿಯನ್ನು ಮೆಲ್ಲಗೆ ಒಲೆಗೆ ಸುರಿದುಬಿಡುತ್ತಿದ್ದೆ. ಅದನ್ನು ತರಲು ಅವರೇ ಹೋಗಬೇಕು, ಯಾಕೆಂದರೆ ಅಂಗಡಿಗೆ ಸೊಸೆಯನ್ನು ಕಳಿಸುವಂತಿಲ್ಲ. ಹೋದರೆ ಅಂಗಡಿಯವನ ಹೆಂಡತಿಯ ಜೊತೆ ಮಾತಿಗೆ ಕೂತು ಒಂದು ಗಂಟೆ. ಈ ಪುಡಿ ಇಷ್ಟು ಬೇಗ ಎಲ್ಲಿ ಹೋಗುತ್ತದೆ ಎಂದು ಅತ್ತೆ ಗೊಣಗುವಾಗ ನಾನು ತಲೆ ತಗ್ಗಿಸಿ ರಾಗಿ ಕೇರುತ್ತಿದ್ದೆ.

ಇದನ್ನೆಲ್ಲ ನಾನು ನನ್ನ ಗಂಡನಿಗಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಗಂಡಸಿಗೆ ಬೇಕು, ಹೆಂಗಸು ಕೊಡುತ್ತಾಳೆ ಎಂದೇ ಎಲ್ಲರೂ ಹೇಳಿಕೊಟ್ಟಿದ್ದರು. ನಲ್ಲಿಯ ಹತ್ತಿರ ಹೆಂಗಸರು ಆಡುತ್ತಿದ್ದ ಮಾತೂ ಅದೇ. "ಅವನ ಕಾಟ ತಡೆಯಕ್ಕಾಗಲ್ಲ ಕಣಮ್ಮಿ" ಎಂದು ಒಬ್ಬಳು ಹಲುಬಿದರೆ ಇನ್ನೊಬ್ಬಳು "ನಮ್ಮನೇದೂ ಅದೇ ಗೋಳು" ಎನ್ನುವಳು. ಹಾಗೆ ಹಲುಬುವವಳೇ ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿ, ಗಂಡ ಬರುವ ಹೊತ್ತಿಗೆ ಸರಿಯಾಗಿ ಮುಡಿಯಲು ಕನಕಾಂಬರ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿದ್ದಳು. ನಾನೂ ಹಲುಬುವುದನ್ನು ಕಲಿತೆ. ಬೇಡ ಎನ್ನುವುದಕ್ಕೆ ನಮ್ಮ ಬಾಯಲ್ಲಿ ನೂರು ಮಾತಿತ್ತು, ಬೇಕು ಎನ್ನುವುದಕ್ಕೆ ಒಂದೂ ಇರಲಿಲ್ಲ.

ಮದುವೆಯಾಗಿ ಎರಡನೇ ವರ್ಷ, ಅವರು ಬೆಳಗಿನ ಪಾಳಿಯಲ್ಲಿದ್ದ ಒಂದು ದಿನ, ನಾನು ಹಿಟ್ಟು ತೊಳಸುತ್ತಿದ್ದಾಗ ಕಾಲ ಕೆಳಗಿನ ನೆಲ ನಡುಗಿತು. ಗೂಡಿನ ಮೇಲಿದ್ದ ಪಾತ್ರೆಗಳು ಉರುಳಿದವು. ಗಣಿಯ ಆಳದಲ್ಲಿ ಒಮ್ಮೊಮ್ಮೆ ಬಂಡೆ ತಾನಾಗಿಯೇ ಸಿಡಿಯುವುದುಂಟು. ಸಣ್ಣದಾದರೆ ಹೆಂಗಸರು ಕೆಲಸ ನಿಲ್ಲಿಸಿ ಒಂದು ಕ್ಷಣ ಆಲಿಸಿ ಮತ್ತೆ ಶುರುಮಾಡುತ್ತಿದ್ದರು. ಅವತ್ತು ಯಾರೂ ಆಲಿಸಲು ನಿಲ್ಲಲಿಲ್ಲ. ಲೈನಿಗೆ ಲೈನೇ ಎದ್ದು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿತು. ನನ್ನ ಕೈಯಲ್ಲಿ ಹಿಟ್ಟಿನ ಕೋಲು ಹಾಗೇ ಇತ್ತು.

ಗೇಟಿನ ಆಚೆಗೆ ಬಿಡಲಿಲ್ಲ. ಕೆಳಗೆ ಎಷ್ಟು ಜನ ಸಿಕ್ಕಿಕೊಂಡಿದ್ದಾರೆಂದು ಹೇಳುವವರಿಲ್ಲ. ಜನರನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ನೂರು ಕತ್ತುಗಳು ಒಟ್ಟಿಗೆ ಎದ್ದು ನೋಡುತ್ತಿದ್ದವು. ಬಂದವರು ನಮ್ಮವರಲ್ಲ. ಸುತ್ತ ಇದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗಿನ ತುದಿಗೆ ಗಂಟು ಹಾಕತೊಡಗಿದರು. ಅದು ನಮ್ಮ ಲೈನಿನ ಪದ್ಧತಿ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಮ್ಮನ್ನು ಕಾಯುವ ತಾಯಿ ಗಂಗಮ್ಮನಿಗೆ ಮಾತ್ರ ಕೇಳುವ ಹಾಗೆ ಹರಕೆ ಹೇಳಿ ಗಂಟು ಬಿಗಿಯಬೇಕು. ಗಂಡ ಉಳಿದು ಬಂದರೆ ಆ ಗಂಟಿನ ತುದಿ ಹರಿದು ಅದರಲ್ಲಿ ಒಂದು ಕಾಸು ಇಟ್ಟು, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಮನೆಯ ತೊಲೆಗೆ ಮುಡಿಪು ಕಟ್ಟಬೇಕು. ಹರಕೆ ತೀರುವವರೆಗೆ ಏನು ಹೊತ್ತಿದ್ದೇವೆಂದು ಯಾರ ಹತ್ತಿರವೂ ಬಾಯಿ ಬಿಡಬಾರದು. ಬಿಟ್ಟರೆ ಕಾಪಾಡಿದ ತಾಯಿಯೇ ಕೈ ಬಿಡುತ್ತಾಳೆ.

"ಏನ್ ನಿಂತ್ಕಂಡಿದೀಯಾ ಕಂಬದಂಗೆ? ಗಂಟು ಕಟ್ಟೇ" ಎಂದು ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಏನು ಹೊರಲಿ? ದೇವರಿಗೆ ಕೊಡುವಾಗ ನಮಗೆ ಇಷ್ಟವಾದದ್ದನ್ನು ಕೊಡಬೇಕು, ಬೇಡದ್ದನ್ನಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು. ನನ್ನ ಕೂದಲು ಉದ್ದವಿತ್ತು, ಅದರ ಮೇಲೆ ನನಗೆ ಅಂಥ ಮೋಹವಿರಲಿಲ್ಲ. ಒಡವೆ ಎಂದರೆ ತಾಳಿ, ಓಲೆ, ಅಷ್ಟೆ. ಇಷ್ಟವಾದದ್ದು ಯಾವುದು, ಬೇಗ, ಬೇಗ ಎಂದು ತಡಕಾಡುತ್ತಿದ್ದ ಮನಸ್ಸಿಗೆ ಆ ಮಣ್ಣಿನ ವಾಸನೆಯ ಭುಜ, ನಾನು ಮುಖ ಇಟ್ಟು ಮಲಗುತ್ತಿದ್ದ ಆ ಎಡ ಪಕ್ಕೆ ಬಂದು ನಿಂತಿತು. ಬೇರೆ ಯಾವುದೂ ಬರಲಿಲ್ಲ. ಸೆರಗು ಕಚ್ಚಿಕೊಂಡು ಹೇಳಿದೆ: ಅಮ್ಮಾ, ಅವರನ್ನು ಮೇಲೆ ಕಳಿಸಿಕೊಡು, ಮೂರು ಯುಗಾದಿ ಕಳೆಯುವವರೆಗೆ ಅವರ ಚಾಪೆಗೆ ಹೋಗುವುದಿಲ್ಲ, ಅದನ್ನು ನಿನಗೆ ಬಿಟ್ಟಿದ್ದೇನೆ. ಹೇಳಿ ಗಂಟು ಬಿಗಿದೆ. ಹೊತ್ತು ಇಳಿಯುವ ಮುಂಚೆ ಅವರನ್ನು ತಂದರು. ಕಾಲಿನ ಮೂಳೆ ಮುರಿದಿತ್ತು, ಮೈಯೆಲ್ಲ ಬೂದಿ ಬಣ್ಣದ ದೂಳು. ಕಣ್ಣು ತೆರೆದಿದ್ದವು. ನನ್ನನ್ನು ನೋಡಿ ಗುರುತು ಹಿಡಿದವು. ನಾನು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ.

ಈ ಹರಕೆಯ ಬಗ್ಗೆ ನಾನು ಆಮೇಲೆ ಎಷ್ಟೋ ಯೋಚನೆ ಮಾಡಿದ್ದೇನೆ. ಅವರಿಗಾಗಿ ನಾನು ಸಹಿಸುತ್ತಿದ್ದೇನೆ ಎಂದುಕೊಂಡಿದ್ದು ನನಗೇ ಅತಿ ಪ್ರಿಯವಾದದ್ದಾಗಿತ್ತು ಎಂಬುದು ಅದನ್ನು ಬಿಟ್ಟುಕೊಟ್ಟ ಗಳಿಗೆಯಲ್ಲೇ ನನಗೆ ತಿಳಿದದ್ದು. ಎಂಥ ಪೆದ್ದಿ ನಾನು! ಬೇರೆಯವರು ಕುರಿ, ಕೋಳಿ, ಕೂದಲು ಹೊತ್ತರು. ನಾನು ಮಾತ್ರ ನನ್ನ ಎದೆಯೊಳಗಿನದನ್ನೇ ಕಿತ್ತು ಕೊಟ್ಟು ಬಂದೆ.

ಮೊದಲ ಕೆಲವು ತಿಂಗಳು ಕಷ್ಟವಾಗಲಿಲ್ಲ. ಅವರ ಕಾಲಿಗೆ ಪಟ್ಟಿ ಕಟ್ಟಿತ್ತು, ನಾನು ಪಕ್ಕದಲ್ಲಿ ಬೇರೆ ಚಾಪೆ ಹಾಕಿ ಮಲಗುತ್ತಿದ್ದೆ. ಅದು ಎಲ್ಲರಿಗೂ ಸಹಜವಾಗಿಯೇ ಕಂಡಿತು. ಕಾಲು ಕೂಡಿಕೊಂಡಿತು. ಸ್ವಲ್ಪ ಎಳೆದು ನಡೆಯುವಂತಾಯಿತು, ಅಷ್ಟೆ. ಗಣಿಯವರು ಮತ್ತೆ ಕೆಲಸಕ್ಕೆ ಕರೆದರು, ರಾತ್ರಿ ಪಾಳಿಯ ವಾರ ಮತ್ತೆ ಬಂತು. ಅವತ್ತು ಅತ್ತೆ ಅವರಾಗಿಯೇ ಕಡ್ಡಿಪುಡಿಗೆ ಹೊರಟರು. ನನ್ನ ಗಂಡ ಮಲಗಿದ್ದಲ್ಲಿಂದ ಕೈ ಚಾಚಿ ನನ್ನ ಸೆರಗು ಹಿಡಿದರು. ನಾನು ಬಿಡಿಸಿಕೊಂಡು ಒಲೆಯ ಮುಂದೆ ಹೋಗಿ ಕೂತೆ. ಉರಿಯದ ಒಲೆಯನ್ನು ಊದಿದೆ. ಬೆನ್ನ ಹಿಂದೆ ಅವರು ನೋಡುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ನನ್ನ ಮೈ ಅವರ ಕಡೆಗೇ ಎಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ತೊಲೆಯ ಮೇಲೆ ಆ ಹಳದಿ ಗಂಟು ನೇತಾಡುತ್ತಿತ್ತು. ಇವತ್ತು ಮಾತು ಮುರಿದರೆ ಇವತ್ತು ರಾತ್ರಿ ಕೆಳಗಿಳಿಯುವ ಈ ಮನುಷ್ಯ ಮೇಲೆ ಬರುತ್ತಾರಾ ಎಂಬ ಭಯ ಬೇರೆ.

ಹೀಗೆಯೇ ದಿನಗಳು ಹೋದವು. ಹತ್ತಿರ ಬಂದಾಗಲೆಲ್ಲ ನಾನು ತಲೆನೋವು ಎಂದೆ, ಉಪವಾಸ ಎಂದೆ, ಹಿಟ್ಟು ಸೀದುಹೋಗುತ್ತದೆ ಎಂದೆ. ನೂರು ಬೇಡಗಳು ಬಾಯಲ್ಲಿ ಸಿದ್ಧವಾಗಿಯೇ ಇದ್ದವಲ್ಲ. ಅವರು ಬಲವಂತ ಮಾಡುವವರಲ್ಲ. ಮಾಡಿದ್ದರೆ ನಾನು ಒಳಗೊಳಗೇ ಸಂತೋಷಪಡುತ್ತಿದ್ದೆನೇನೋ, ತಪ್ಪು ನನ್ನದಲ್ಲ ಎಂದು ಗಂಗಮ್ಮನಿಗೆ ಹೇಳಬಹುದಿತ್ತು. ಅಷ್ಟು ಕೆಟ್ಟ ಯೋಚನೆಯೂ ನನಗೆ ಬಂದದ್ದುಂಟು. ಅವರು ಮಲಗಿದ ಮೇಲೆ ಅವರ ಅಂಗಿ ಒಗೆಯಲು ತೆಗೆದುಕೊಂಡು ಹೋಗಿ, ಒಗೆಯುವ ಮುಂಚೆ ಅದನ್ನು ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿಕೊಂಡು ಕೂರುತ್ತಿದ್ದೆ. ತಟ್ಟಿಯ ಆಚೆ ತಮಿಳು ಅಕ್ಕ ಗಂಡನ ಜೊತೆ ಕಿಲಕಿಲ ನಕ್ಕರೆ ನನಗೆ ಅವಳ ಮೇಲೆ ಕಾರಣವಿಲ್ಲದೆ ಕೋಪ ಬರುತ್ತಿತ್ತು.

ಒಂದು ಯುಗಾದಿ ಕಳೆಯಿತು. ಬೇವುಬೆಲ್ಲ ಕೊಡುವಾಗ ಅವರು ನನ್ನ ಕೈ ಮುಟ್ಟದ ಹಾಗೆ ತೆಗೆದುಕೊಂಡರು. ಅದು ನನಗೆ ಚುರುಕ್ ಎಂದಿತು. ಆಮೇಲೆ ಒಂದು ದಿನ ಊಟದ ತಟ್ಟೆ ಮುಂದಿಟ್ಟುಕೊಂಡು, ತಲೆ ಎತ್ತದೆ ಕೇಳಿದರು.

"ಕಾಲು ಕುಂಟು ಅಂತಾನಾ?"

"ಅಯ್ಯೋ, ಅಂಗೆಲ್ಲ ಇಲ್ಲ" ಎಂದೆ.

"ಮತ್ತೆ?"

ಬಾಯಿ ತೆರೆದೆ. ಹರಕೆ ಎಂದು ಹೇಳುವಂತಿಲ್ಲ. ಅದನ್ನು ಬಿಟ್ಟು, ನೀವು ನನಗೆ ಬೇಕು ಎಂದಾದರೂ ಹೇಳಬಹುದಿತ್ತಲ್ಲ. ಹೇಳಲಿಲ್ಲ. ಹರಕೆ ನನ್ನ ನಾಲಿಗೆ ಹಿಡಿದಿತ್ತು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಹರಕೆ ಇಲ್ಲದಿದ್ದರೂ ಆ ಮಾತು ಬರುತ್ತಿರಲಿಲ್ಲ. ಹಾಗೆ ಹೇಳುವ ಹೆಂಗಸನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಅವರು ಎದ್ದು ಕೈ ತೊಳೆದರು. ಮಾರನೆಯ ವಾರದಿಂದ ಎರಡೆರಡು ಪಾಳಿ ಒಟ್ಟಿಗೆ ಮಾಡತೊಡಗಿದರು. ಮನೆಗೆ ಬಂದರೆ ಬಾಗಿಲ ಹತ್ತಿರ ಅಮ್ಮನ ಚಾಪೆಯ ಮೇಲೇ ಉರುಳಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಅತ್ತೆಯ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಮಗನಿಗೆ ಮಕ್ಕಳಿಲ್ಲ, ಸೊಸೆ ಮಗನನ್ನು ಹತ್ತಿರ ಸೇರಿಸುವುದಿಲ್ಲ. ಒಂದು ಮಧ್ಯಾಹ್ನ ಎಲೆಗೆ ಸುಣ್ಣ ಹಚ್ಚುತ್ತ ನನಗೆ ಕೇಳಿಸುವಂತೆಯೇ ಮಗನಿಗೆ ಹೇಳಿದರು. "ನಮ್ಮ ತಮ್ಮನ ಊರಾಗೆ ಒಂದು ಎಣ್ಣು ಐತೆ. ಗಂಡ ಸತ್ತೋಗವ್ನೆ, ವಯಸ್ಸು ಇಪ್ಪತ್ತೈದು. ಕೂಡಾವಳಿ ಮಾಡ್ಕಂಡು ಕರ್ಕಂಡು ಬಂದ್ರೆ ಯಾರೂ ಬ್ಯಾಡ ಅನ್ನಲ್ಲ. ಇವ್ಳೂ ಇರ್ಲಿ, ಓಗು ಅಂತ ಯಾರಂದ್ರು?"

ಗಂಡ ಸತ್ತವಳನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೆ ನಮ್ಮ ಕಡೆ ಕೂಡಾವಳಿ ಎನ್ನುತ್ತಾರೆ. ನನ್ನ ಗಂಡ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಅತ್ತೆ ಮುಂದಿನ ಅಮಾವಾಸ್ಯೆ ಕಳೆದ ಮೇಲೆ ತಮ್ಮನ ಊರಿಗೆ ಹೋಗಿ ಮಾತಾಡಿ ಬರುವುದೆಂದು ತಾವೇ ಗೊತ್ತು ಮಾಡಿದರು. ಅಷ್ಟರೊಳಗೆ ನಾನು ಏನಾದರೂ ಮಾಡಬೇಕು. ಮಾಡದಿದ್ದರೆ ಇನ್ನೂ ಎರಡು ಯುಗಾದಿ ಇನ್ನೊಬ್ಬಳು ನನ್ನ ಜಾಗದಲ್ಲಿ ಮಲಗುವುದನ್ನು ಅದೇ ಕೋಣೆಯಲ್ಲಿ ನೋಡಿಕೊಂಡಿರಬೇಕು.

ಲೈನಿನ ಕೊನೆಯಲ್ಲಿ ಬೇವಿನ ಮರದ ಕೆಳಗೆ ಗಂಗಮ್ಮನ ಗುಡಿ. ಪೂಜೆ ಮಾಡುತ್ತಿದ್ದವಳು ತೆಲುಗು ಮಾತಾಡುವ ಒಬ್ಬ ಮುದುಕಿ. ಯಾರಿಗೂ ಹೆದರದ ಹೆಂಗಸು. ಯಾರೂ ಇಲ್ಲದ ಹೊತ್ತು ನೋಡಿ ಹೋಗಿ, ಹರಕೆಯನ್ನು ಬದಲಿ ಮಾಡಬಹುದೇ ಎಂದು ಮೆಲ್ಲಗೆ ಕೇಳಿದೆ. ಏನು ಹರಕೆ ಎಂದು ಅವಳು ಕೇಳಲಿಲ್ಲ. ಬದಲಿ ಉಂಟು, ಆದರೆ ಸುಲಭವಲ್ಲ ಎಂದಳು. ಗುಟ್ಟಾಗಿ ಹೊತ್ತದ್ದನ್ನು ಗುಟ್ಟಾಗಿ ಇಳಿಸಲು ಬರುವುದಿಲ್ಲ. ಐದು ಜನ ಮುತ್ತೈದೆಯರು ಕೇಳುವ ಹಾಗೆ, ಕೊಟ್ಟದ್ದು ಏನು, ವಾಪಸು ಯಾಕೆ ಬೇಕು ಎಂದು ಹೊತ್ತವಳೇ ತನ್ನ ಬಾಯಿಂದ ಹೇಳಬೇಕು, ಅದೂ ಮೂರು ಸಲ. ಅದರ ಬದಲಿಗೆ ಒಂದು ಕುರಿ ಒಪ್ಪಿಸಬೇಕು. ಆಗ ಅಮ್ಮ ಕೋಪ ಮಾಡುವುದಿಲ್ಲ.

ನಾನು ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ಐದು ಜನರ ಮುಂದೆ ಹೇಳುವುದೇ? ಬೀದಿಯಲ್ಲಿ ಸೀರೆ ಬಿಚ್ಚಿ ನಿಂತರೆ ಇನ್ನೇನು ಉಳಿಯುತ್ತದೆ? ನಾಳೆ ನಲ್ಲಿಯ ಹತ್ತಿರ ಹೇಗೆ ಹೋಗುವುದು? ಗಂಡನಿಗಾಗಿ ಬಾಯಿ ಬಿಟ್ಟವಳು ಎಂದು ಹೆಸರಿಟ್ಟುಬಿಡುತ್ತಾರೆ. ಇನ್ನೊಂದು ಕಡೆ ಆ ಇಪ್ಪತ್ತೈದರವಳು. ಅವಳನ್ನು ನಾನು ನೋಡಿರಲಿಲ್ಲ, ಆದರೂ ಅವಳ ಬಳೆಯ ಸದ್ದು ಕೇಳುತ್ತಿತ್ತು. ಕೊನೆಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಗೆದ್ದಿತು. ಧೈರ್ಯ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ, ಆದರೆ ಅದು ಧೈರ್ಯವಲ್ಲ.

ಶುಕ್ರವಾರ ಬೆಳಗ್ಗೆ, ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಮೇಲೆ, ತಲೆಗೆ ನೀರು ಹಾಕಿಕೊಂಡು, ತೊಲೆಯ ಮೇಲಿನ ಮುಡಿಪನ್ನು ಬಿಚ್ಚಿದೆ. "ಹರಕೆ ಬದಲಿ ಮಾಡಕ್ಕೆ ಗುಡಿಗೆ ಓಗ್ತಿದೀನಿ, ಅತ್ತೆ" ಎಂದೆ. ಅವರು ಹುಬ್ಬು ಗಂಟಿಕ್ಕಿದರು. "ಎಂಥ ಅರ್ಕೆ? ನಡಿ, ನಾನೂ ಬತ್ತೀನಿ" ಎಂದು ಸೆರಗು ಹೊದ್ದುಕೊಂಡು ಹಿಂದೆಯೇ ಹೊರಟರು. ಐದು ಜನರಿಗೆ ನಾನು ಸಿದ್ಧವಾಗಿದ್ದೆ, ಆರನೆಯವರಿಗಲ್ಲ.

ಪೂಜಾರಮ್ಮ ಐವರನ್ನು ಕರೆಸಿದ್ದಳು. ಅದರಲ್ಲಿ ನಮ್ಮ ಪಕ್ಕದ ತಮಿಳು ಅಕ್ಕನೂ ಇದ್ದಳು. ಅತ್ತೆ ವಿಧವೆಯಾದ್ದರಿಂದ ಒಳಗೆ ಬರಲಿಲ್ಲ. ಗುಡಿಯ ಹೊರಗೆ, ಮರದ ಬುಡದಲ್ಲಿ ಕೂತರು. ಮುಡಿಪನ್ನು ಅಮ್ಮನ ಮುಂದೆ ಇಟ್ಟೆ. ಹೊತ್ತದ್ದು ಏನು ಎಂದು ಪೂಜಾರಮ್ಮ ಕೇಳಿದಳು. ಮೂರು ಯುಗಾದಿಯವರೆಗೆ ಗಂಡನ ಚಾಪೆ ಬಿಟ್ಟಿದ್ದೇನೆ ಎಂದೆ. ಅದು ಹೇಗೋ ಬಾಯಿಂದ ಹೊರಬಿತ್ತು. ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬಳು "ಪಾಪ" ಎಂದಳು. ವ್ರತ ಹಿಡಿದವಳಿಗೆ ಸಿಗುವ ಮರ್ಯಾದೆ ಅದು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

"ಇಪ್ಪುಡು ನೀಕು ಏಂ ಕಾವಾಲಮ್ಮಾ?" ಈಗ ನಿನಗೆ ಏನು ಬೇಕು ಎಂದು ಅವಳು ಕೇಳಿದಳು.

"ಬದಲಿ ಬೇಕು" ಎಂದೆ.

"ಅದಿ ಕಾದು. ಏಂ ಕಾವಾಲಿ?" ಅದಲ್ಲ, ಏನು ಬೇಕು ಹೇಳು ಎಂದು. ಅವಳು ಬಿಡುವವಳಲ್ಲ.

"ಅವ್ರು... ಅತ್ತೆ ಎರಡನೇ ಸಂಬಂಧ ನೋಡ್ತಾವ್ರೆ, ಮಕ್ಕಳಿಲ್ಲ, ಮನೆಗೆ ಒಂದು ಮಗು..." ಎಂದು ಶುರುಮಾಡಿದೆ. ಮಗು ಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರಿಗೂ ಮುಜುಗರವಿಲ್ಲ. ಆ ಮರೆಯಲ್ಲಿ ನುಸುಳಿಕೊಳ್ಳಲು ನೋಡಿದೆ. ಮುದುಕಿ ಕೈಯೆತ್ತಿ ತಡೆದಳು. ಕೊಟ್ಟದ್ದು ಮಗುವಾ, ಎಂದು ಕೇಳಿದಳು. ಅಲ್ಲ ಎಂದೆ. ಕೊಟ್ಟದ್ದನ್ನೇ ಕೇಳು ಎಂದಳು.

ನಾನು ನೆಲ ನೋಡುತ್ತ, ನನಗೇ ಕೇಳಿಸದಷ್ಟು ಮೆಲ್ಲಗೆ, "ನಂಗೆ ಅವ್ರು ಬೇಕು" ಎಂದೆ.

"ವಿನಪಡಲೇದು." ಕೇಳಿಸಲಿಲ್ಲವಂತೆ.

"ನಂಗೆ ಅವ್ರು ಬೇಕು."

ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಮಿಳು ಅಕ್ಕ "ಅಯ್ಯೋ ಎನ್ನಡಿ ಇದು", ಏನೇ ಇದು, ಎಂದು ಪಿಸುಗುಟ್ಟಿದಳು. ಇಷ್ಟಾದ ಮೇಲೆ ಇನ್ನೇನು ಎಂದು ಒಂಥರಾ ರೋಷ ಬಂತು. ತಲೆಯೆತ್ತಿ, ಗುಡಿಯ ಹೊರಗಿನವರಿಗೂ ಕೇಳುವ ಹಾಗೆ ಹೇಳಿದೆ. "ನಂಗೆ ನನ್ನ ಗಂಡ ಬೇಕು. ಅವ್ರ ಪಕ್ಕದಾಗೆ ಮಲಗಬೇಕು. ನಂಗೇ ಆಸೆ, ಅವರಿಗೋಸ್ಕರ ಅಲ್ಲ. ತಾಯಿ, ವಾಪಸು ಕೊಡು."

ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಐವರಲ್ಲಿ ಹಿರಿಯಳು, ಆರು ಮಕ್ಕಳ ತಾಯಿ, ಕಣ್ಣೊರೆಸಿಕೊಂಡಳು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪೂಜಾರಮ್ಮ ಮುಡಿಪಿನ ಗಂಟು ಬಿಚ್ಚಿ ಕಾಸನ್ನು ಅಮ್ಮನ ಪಾದಕ್ಕೆ ಹಾಕಿ, ನನ್ನ ಹಣೆಗೆ ಕುಂಕುಮ ಇಟ್ಟಳು. ಕುರಿ ಒಪ್ಪಿಸಿದರೆ ಮುಗಿಯಿತು ಎಂದಳು.

ಹೊರಗೆ ಬಂದೆ. ಅತ್ತೆ ಮರದ ಬುಡದಿಂದ ಎದ್ದಿರಲಿಲ್ಲ. ಎಲ್ಲವನ್ನೂ ಕೇಳಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು. ಬೈಗುಳಕ್ಕೆ ಕಾದು ನಿಂತೆ. ಅವರ ಬಾಯಿ ನನಗೆ ಗೊತ್ತಲ್ಲ. ಅವರು ನೆಲಕ್ಕೆ ಕೈಯೂರಿ ಎದ್ದು ಮುಂದೆ ನಡೆದರು. ನಾನು ಹಿಂದೆ ಹೊರಟೆ.

"ಕುರಿ ನಾನ್ ಕೊಡ್ತೀನಿ" ಎಂದರು ಲೈನಿನ ಅರ್ಧ ದಾರಿಯಲ್ಲಿ, ನನ್ನ ಕಡೆ ನೋಡದೆ.

"ನೀವ್ಯಾಕೆ ಅತ್ತೆ? ಅರ್ಕೆ ನನ್ನದು."

"ನಂದೂ ಒಂದು ಕುರಿ ಅಂಗೇ ಉಳ್ಕಂಡೈತೆ." ನಿಂತರು. "ನಿಮ್ಮ ಮಾವ ಕೆಳಗೆ ಸಿಕ್ಕಂಡ ದಿನ ನಾನೂ ಅದೇ ಗೇಟಿನಾಗೆ ನಿಂತಿದ್ದೆ. ಇವ್ನು ನನ್ನ ಕೈ ಹಿಡ್ಕಂಡಿದ್ದ. ಸೆರಗು ಬಾಯಿಗಿಟ್ಕಂಡೆ. ಇಷ್ಟವಾದ್ದು ಕೊಡ್ಬೇಕು ಅಂತ ನಂಗೂ ಗೊತ್ತಿತ್ತು ಕಣೇ. ನಿಂಗೆ ಬಂದಿದ್ದೇ ನಂಗೂ ಬಂತು. ಅಮ್ಮನ ಮುಂದೆ ಅದನ್ನ ಎಂಗೆ ಯೋಳೋದು, ನಾಚಿಕೆಗೆಟ್ಟೋಳು ಅಂದ್ಕಂಡಾಳು ಅಂತ ಬಾಯಿಗೆ ಬಂದಿದ್ದನ್ನ ನುಂಗ್ಕಂಡು ಕುರಿ ಕೊಡ್ತೀನಿ ಅಂದೆ." ಮತ್ತೆ ಹೆಜ್ಜೆ ಹಾಕಿದರು. "ಅವ್ರು ಮ್ಯಾಲೆ ಬರ್ಲಿಲ್ಲ. ಸುಳ್ಳು ಕುರಿಗೆ ಅಮ್ಮ ಯಾಕೆ ಕಳಿಸ್ತಾಳೆ?"

ಹಾಗಲ್ಲ ಅತ್ತೆ, ಬಂಡೆ ಸಿಡಿಯುವುದಕ್ಕೂ ನಿಮ್ಮ ಕುರಿಗೂ ಏನು ಸಂಬಂಧ ಎಂದು ಇವತ್ತಾದರೆ ಹೇಳುತ್ತಿದ್ದೆ. ಅವತ್ತು ನಾನೂ ಅದನ್ನೇ ನಂಬಿದ್ದವಳು. ಇಪ್ಪತ್ತು ವರ್ಷದಿಂದ ಈ ಹೆಂಗಸು ತನ್ನ ನಾಚಿಕೆಯೇ ಗಂಡನನ್ನು ಕೊಂದಿತು ಎಂದುಕೊಂಡು, ಅದನ್ನು ಯಾರಿಗೂ ಹೇಳಲಾಗದೆ, ನನ್ನ ಬಾಗಿಲ ಪಕ್ಕದಲ್ಲಿ ಒಂಟಿ ಚಾಪೆಯ ಮೇಲೆ ಮಲಗುತ್ತಿದ್ದರು. ನನಗೆ ಅಳು ಬಂತು. ಅವರ ಕೈ ಹಿಡಿಯಲು ಹೋದೆ. "ಬುಡು ಬುಡು" ಎಂದು ಕೊಡವಿಕೊಂಡರು.

ನಮ್ಮ ಮನೆಗೆ ತಿರುಗುವ ಜಾಗ ಬಂತು. ಅವರು ತಿರುಗಲಿಲ್ಲ. ಸ್ಟೇಷನ್ನಿನ ಕಡೆ ಮುಖ ಮಾಡಿದರು.

"ಪೇಟೆ ಸಂತೆಗೆ ಓಯ್ತೀನಿ. ರೈಲು ಐತೆ ಈಗ. ಕುರಿ ನೋಡ್ಕಂಡು ಬರೋದು ಸಾಯಂಕಾಲ ಆಗ್ತೈತೆ."

"ಊಟ ಮಾಡ್ಕಂಡು ಓಗಿ ಅತ್ತೆ."

"ಅಲ್ಲೇ ಏನಾನ ತಿಂತೀನಿ. ತಮ್ಮನ ಊರಿಗೆ ಇನ್ನು ಓಗಲ್ಲ, ಯೋಚ್ನೆ ಮಾಡ್ಬ್ಯಾಡ." ನಾಲ್ಕು ಹೆಜ್ಜೆ ಹೋದವರು ಮತ್ತೆ ನಿಂತರು. ಈ ಸಲ ನನ್ನ ಮುಖವನ್ನೇ ನೋಡಿದರು. "ಅಮ್ಮಂಗೆ ಮೂರ್ಸತಿ ಯೋಳ್ದೆ. ಅವ್ನಿಗೆ ಒಂದ್ಸತೀನೂ ಯೋಳಿಲ್ಲ ನೀನು. ಓಗಿ ಯೋಳು. ನಾನ್ ಯೋಳ್ಲಿಲ್ಲ ನಮ್ಮೋರಿಗೆ."

ನಾನು ಮನೆಗೆ ಬಂದೆ. ನನ್ನ ಗಂಡ ಎದ್ದು, ಗೋಡೆಗೆ ಒರಗಿ, ಆ ಕಾಲನ್ನು ಚಾಚಿಕೊಂಡು ಕೂತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಅವರ ಹತ್ತಿರ ಕೂತು, ಹೇಳಿದೆ.